ಸೋತ ಕಾಯಿಯ ಬೀಜ

ಹೊಂಬಳಗಟ್ಟಿಯ ಹಳ್ಳದ ದಂಡೆಯಲ್ಲಿ, ಊರ ದನಗಳು ನೀರಿಗೆ ಇಳಿಯುವ ಜಾಗದ ಪಕ್ಕ, ಮಣ್ಣಿನ ಗೋಡೆಯ ಒಂದು ಗುಡಿಸಲು ಇತ್ತು. ಜೋಳದ ದಂಟಿನ ಮಾಡು, ಸುತ್ತಲೂ ಜಾಲಿಮುಳ್ಳಿನ ಬೇಲಿ, ಅಂಗಳದಲ್ಲಿ ಒಂದು ಬೇವಿನ ಮರ. ಪೂಜ್ಯ ಶ್ರೀ ನಿರಾಳಯ್ಯ ಅಜ್ಜನವರು ತಮ್ಮ ಆಯುಷ್ಯದ ಕಡೆಯ ಭಾಗವನ್ನೆಲ್ಲ ಕಳೆದದ್ದು ಇಲ್ಲಿಯೇ. ಕಲ್ಲಿನ ಮಠ ಕಟ್ಟಿಸಿಕೊಡುತ್ತೇವೆಂದು ಭಕ್ತರು ಎಷ್ಟೋ ಸಲ ಬಿನ್ನವಿಸಿಕೊಂಡಿದ್ದರು. "ಕಲ್ಲು ಎತ್ತಾಕ ನಿಮಗ ತ್ರಾಸು, ಅದರಾಗ ಕುಂದ್ರಾಕ ನನಗ ತ್ರಾಸು" ಎಂದು ಪೂಜ್ಯರು ನಕ್ಕುಬಿಡುತ್ತಿದ್ದರು.

ಬಂದವರ ಮುಂದೆ ಉಪದೇಶದ ಗಂಟು ಬಿಚ್ಚುವ ರೂಢಿ ಅವರಿಗಿರಲಿಲ್ಲ. ಅಂಗಳ ಗುಡಿಸುವರು, ಬೇವಿನ ಬುಡಕ್ಕೆ ನೀರು ಹಾಕುವರು, ಹಸಿದು ಬಂದವರಿಗೆ ರೊಟ್ಟಿ ನೀಡುವರು, ಅವರು ಹೇಳಿದ್ದನ್ನು ಕೇಳುವರು. ಮಾತೇ ಬಂಡವಾಳವಾದ ನಮ್ಮಂಥವರಿಗೆ ಇದು ವಿಚಿತ್ರವಾಗಿ ಕಂಡೀತು. ಆ ಕಾಲದಲ್ಲಿಯೂ ಕೆಲವರಿಗೆ ಹಾಗೆ ಕಂಡಿತ್ತು. ಅವರಲ್ಲಿ ಮೊದಲಿನವರು ಊರ ಭಜನಾ ಮೇಳದ ಹಿರಿಯರಾದ ಗುರುಶಾಂತಪ್ಪನವರು. ಬಿಳಿ ಮೀಸೆ, ಬಿಳಿ ರುಮಾಲು, ಊರಿನ ರೀತಿ ರಿವಾಜುಗಳೆಲ್ಲ ಅವರ ನಾಲಿಗೆಯ ತುದಿಯಲ್ಲಿ. "ಗುರು ಅಂದಮ್ಯಾಲೆ ನಾಕು ಮಾತು ಹೇಳಬೇಕಪಾ. ಸುಮ್ಮನ ಕುಂದ್ರಾಕ ನಮ್ಮನಿ ಎತ್ತಿಗೂ ಬರ್ತೈತಿ" ಎಂದು ಅವರು ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದುದು ಪೂಜ್ಯರ ಕಿವಿಗೂ ಬಿದ್ದಿತ್ತು. "ಖರೇ ಹೇಳ್ಯಾನ, ಎತ್ತು ಭಾಳ ಶಾಣ್ಯಾ" ಎಂದು ಅವರು ಒಪ್ಪಿಕೊಂಡರಂತೆ.

ಅದೇ ಊರಿನಲ್ಲಿ ಮಡಿವಾಳೆಪ್ಪ ಎಂಬ ಭಜನೆಯ ಹಾಡುಗಾರನಿದ್ದ. ಅವನ ಹೆಂಡತಿ ಸಾವಂತ್ರೆವ್ವ. ಮಡಿವಾಳೆಪ್ಪ ತಾನೇ ಬೆಳೆದ ಕಹಿಸೋರೆಯ ಬುರುಡೆಗೆ ಬಿದಿರಿನ ಕೋಲು ಕೂಡಿಸಿ, ತಂತಿ ಬಿಗಿದು ಒಂದು ಏಕತಾರಿ ಮಾಡಿಕೊಂಡಿದ್ದ. ಕೋಳಿ ಕೂಗುವ ಹೊತ್ತಿಗೆ ಸಾವಂತ್ರೆವ್ವ ಬೀಸುವ ಕಲ್ಲಿನ ಮುಂದೆ ಕುಳಿತರೆ, ಅವನು ಪಡಸಾಲೆಯ ಕಂಬಕ್ಕೊರಗಿ ತಂತಿ ಮೀಟುತ್ತಿದ್ದ. ಜೋಳ ಹಿಟ್ಟಾಗುವ ತನಕ ಅವನ ಪದ ಸಾಗುತ್ತಿತ್ತು. ಮಕ್ಕಳಿಲ್ಲದ ಮನೆ ಅದು. ಆದರೂ ಬೆಳಗಿನ ಹೊತ್ತು ಆ ಓಣಿಯಲ್ಲಿ ಹಾದುಹೋಗುವವರಿಗೆ ಅದು ತುಂಬಿದ ಮನೆಯಂತೆ ಕೇಳುತ್ತಿತ್ತು.

ಮಡಿವಾಳೆಪ್ಪ ಜ್ವರದಲ್ಲಿ ಮಲಗಿದವನು ಏಳಲಿಲ್ಲ. ಹಾಡುಗಾರ ತೀರಿಕೊಂಡರೆ ಅವನ ಏಕತಾರಿಯ ತಂತಿ ಹರಿದು ಅವನ ಜೊತೆಗೇ ಸಮಾಧಿಯಲ್ಲಿ ಇಡುವುದು ಹೊಂಬಳಗಟ್ಟಿಯ ರೂಢಿ. ಸಾವಂತ್ರೆವ್ವ ಅದನ್ನು ಎದೆಗವಚಿಕೊಂಡು, "ಇದನ್ನಾದ್ರೂ ನನಗ ಬಿಡ್ರೆಪ್ಪಾ" ಎಂದು ಗೋಗರೆದಳು. ರೂಢಿ ಮುರಿಯಲು ಯಾರಿಗೆ ಧೈರ್ಯ? ಗುರುಶಾಂತಪ್ಪನವರೇ ಮೆಲ್ಲಗೆ ಅವಳ ಕೈ ಬಿಡಿಸಿ ಏಕತಾರಿಯನ್ನು ಇಸಿದುಕೊಂಡರು. ತಂತಿ ಹರಿದಾಗ ಆದ ಸಪ್ಪಳ ಅವಳಿಗೆ ಗಂಡನ ಕೊನೆಯುಸಿರಿಗಿಂತಲೂ ಹೆಚ್ಚು ನೋವು ಕೊಟ್ಟಿತು ಎಂದು ಅವಳು ಮುಂದೆ ಹೇಳಿಕೊಂಡಿದ್ದಾಳೆ.

ಮರುದಿನದಿಂದ ಬೀಸುವ ಕಲ್ಲಿನ ಮುಂದೆ ಕುಳಿತರೆ ಬರೀ ಕಲ್ಲಿನ ಗರಗರ. ಅವಳು ನಾಲ್ಕು ಸುತ್ತು ತಿರುವಿ ನಿಲ್ಲಿಸುವಳು, ಕಂಬದ ಕಡೆ ನೋಡುವಳು, ಮತ್ತೆ ತಿರುವುವಳು. ಕೊನೆಗೆ ಮನೆಯಲ್ಲಿ ಬೀಸುವುದನ್ನೇ ಬಿಟ್ಟು, ಪಕ್ಕದ ಮನೆಯವರ ಕೈಯಲ್ಲಿ ಹಿಟ್ಟು ಮಾಡಿಸಿಕೊಳ್ಳತೊಡಗಿದಳು. ಹಂಬಲ ಎನ್ನುವುದು ಎಂಥದೆಂದರೆ, ಅದು ಸತ್ತವರ ಮುಖಕ್ಕಿಂತ ಅವರ ಸಪ್ಪಳಕ್ಕೇ ಹೆಚ್ಚು ಜೋತುಬೀಳುತ್ತದೆ. ಆ ದನಿ ಇನ್ನೊಮ್ಮೆ ಈ ಮನೆಯಲ್ಲಿ ಕೇಳಬೇಕು, ಅದೊಂದೇ ಅವಳ ಬಯಕೆಯಾಯಿತು.

ಗುರುಶಾಂತಪ್ಪನವರು ಕಲ್ಲೆದೆಯವರೇನಲ್ಲ. ಒಂದು ದಿನ ಅವರೇ ಬಂದು, "ತಂಗಿ, ನಮ್ಮನ್ಯಾಗ ಹಳೇ ಏಕತಾರಿ ಒಂದೈತಿ, ತಗೊಂಡು ಹೋಗು" ಎಂದರು.

"ಅದು ನಿಮ್ಮನಿ ದನಿ ರೀ ಮಾವಾರ. ನಮ್ಮನಿ ಗ್ವಾಡಿ ಕೇಳಿದ್ದು ಬ್ಯಾರೆ" ಎಂದಳು ಸಾವಂತ್ರೆವ್ವ.

ಅವಳ ಬಳಿ ಒಂದು ಆಸೆಯ ಎಳೆ ಉಳಿದಿತ್ತು. ಮಡಿವಾಳೆಪ್ಪ ಆ ಬುರುಡೆಯನ್ನು ಕೊರೆದು ತೊಳೆದಾಗ ಅದರ ಬೀಜಗಳನ್ನು ಅವನ ತಾಯಿ ಅರಿವೆಯಲ್ಲಿ ಕಟ್ಟಿ ಜಂತಿಗೆ ತೂಗುಹಾಕಿದ್ದಳು. ಏಕತಾರಿಗೆಂದು ಸೋರೆ ಬೆಳೆಯುವವರು ನುಡಿದ ಬುರುಡೆಯ ಬೀಜವನ್ನೇ ಬಿತ್ತಬೇಕು. ಒಡೆದ ಕಾಯಿಯದೋ ಕೊಳೆತ ಕಾಯಿಯದೋ ಬಿತ್ತಿದರೆ ತಂತಿಗೆ ದನಿ ಹತ್ತುವುದಿಲ್ಲ ಎಂಬುದು ಅಲ್ಲಿನವರ ನಂಬಿಕೆ. ಇವಾದರೋ ಊರೇ ತಲೆದೂಗಿದ ಬುರುಡೆಯ ಬೀಜಗಳು. ಸಾವಂತ್ರೆವ್ವ ಗಂಟು ಇಳಿಸಿದಳು. ಹಳ್ಳದ ದಂಡೆಗೆ ಹೋಗಿ ಪೂಜ್ಯರ ಪಾದಕ್ಕೆ ಹಣೆಹಚ್ಚಿ, "ಅಜ್ಜಾರ, ನನ್ನ ಕೈಲೆ ಒಂದು ಏಕತಾರಿ ಮಾಡತೀನಿ. ಮೊದಲ ನಿಮ್ಮ ಮುಂದ ಬಾರಿಸಿ ಆಮ್ಯಾಲೆ ಮನಿಗೆ ಒಯ್ಯತೀನಿ" ಎಂದಳು. ಪೂಜ್ಯರು ಅವಳ ತಲೆಯ ಮೇಲೆ ಕೈಯಿಟ್ಟು, "ಆಗಲವಾ" ಎಂದರು. ಅಷ್ಟೇ ಮಾತು.

ಮಳೆ ಬಿದ್ದ ಮೇಲೆ ಹಿತ್ತಲಲ್ಲಿ ಬೀಜ ಊರಿದಳು. ಬಳ್ಳಿ ಹಬ್ಬಿತು, ಬಿಳಿ ಹೂ ಬಿಟ್ಟಿತು, ಕಾಯಿ ಇಳಿಬಿದ್ದವು. ಆದರೆ ಬಯಸಿದವಳಿಗೆ ತಾಳ್ಮೆ ಎಲ್ಲಿಯದು? ಕಾಯಿ ಬಳ್ಳಿಯಲ್ಲೇ ಒಣಗಬೇಕೆಂಬುದು ತಿಳಿದಿದ್ದರೂ, ಮಂಗಗಳ ಭಯಕ್ಕೋ ಆತುರಕ್ಕೋ ಹಸಿ ಇರುವಾಗಲೇ ಕೊಯ್ದು ಜಂತಿಗೆ ಕಟ್ಟಿದಳು. ಒಂದೊಂದೇ ಕೊಳೆತು ನೀರು ತೊಟ್ಟಿಕ್ಕಿತು. ಮನೆಯೆಲ್ಲ ನಾತ. ಅವುಗಳಲ್ಲಿ ತುಸು ಗಟ್ಟಿ ಉಳಿದಿದ್ದ ಒಂದನ್ನು ತಿಪ್ಪೆಗೆ ಎಸೆಯಲು ಮನಸ್ಸಾಗದೆ ಸೆರಗಿನಲ್ಲಿ ಮುಚ್ಚಿಕೊಂಡು ಗುಡಿಸಲಿಗೆ ತಂದಳು. ಗುರುವಿಗೆಂದು ಬೆಳೆದದ್ದು ಗುರುವಿನ ಕಾಲಬುಡದಲ್ಲೇ ಹೋಗಲಿ ಎಂಬ ಭಾವ. ಪೂಜ್ಯರು ಎರಡೂ ಕೈಯೊಡ್ಡಿ, ಪ್ರಸಾದ ಇಸಿದುಕೊಂಡಂತೆ ಇಸಿದುಕೊಂಡರು. ಸಮಾಧಾನದ ಒಂದು ನುಡಿಯನ್ನೂ ಆಡಲಿಲ್ಲ. ಸಾವಂತ್ರೆವ್ವನಿಗೆ ಒಳಗೊಳಗೇ ಬೇಸರವಾಯಿತು.

ಮುಂದಿನ ವರ್ಷ ಬಳ್ಳಿಗೆ ಮಗುವಿಗೆ ಹಾಲೂಡಿದಂತೆ ನೀರೂಡಿದಳು. ಕಾಯಿಗಳು ದುಂಡಗೆ ಬೆಳೆದವು, ಬಳ್ಳಿಯಲ್ಲೇ ಒಣಗಿದವು. ನೋಡಿದವರು ಭೇಷ್ ಎಂದರು. ಕೊರೆಯಲು ಕುಳಿತು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಬೆರಳು ನೇರ ಒಳಗೆ ಹೋಯಿತು. ನೀರು ಕುಡಿದು ಬೆಳೆದ ಕಾಯಿಯ ಓಡು ಹಪ್ಪಳದಷ್ಟು ತೆಳು. ಆ ತೂತು ಬಿದ್ದ ಬುರುಡೆಯನ್ನೂ ಗುಡಿಸಲಿಗೆ ತಂದಳು. ಪೂಜ್ಯರು ಅದನ್ನೂ ಹಾಗೆಯೇ ಸ್ವೀಕರಿಸಿದರು. ಅದರ ಮರುವರ್ಷ ಬಳ್ಳಿಗೆ ಹೇನು ಹತ್ತಿ, ಬಂದ ಒಂದೇ ಕಾಯಿಯೂ ಸೊಟ್ಟಗಾಯಿತು. ಅದೂ ಗುಡಿಸಲಿಗೇ ಹೋಯಿತು.

ಊರಲ್ಲಿ ಮಾತು ಹುಟ್ಟಿತು. "ಮಡಿವಾಳೆಪ್ಪನ ಹೇಣ್ತಿಗೆ ಸೋರಿಕಾಯಿ ಹುಚ್ಚು ಹತ್ತೇತಿ" ಎಂದು ನೀರಿಗೆ ಹೋದವರು ಆಡಿಕೊಂಡರು. ಗುರುಶಾಂತಪ್ಪನವರು ಅವಳನ್ನು ತಡೆದು ನಿಲ್ಲಿಸಿ, "ಸಾಕು ಮಾಡು ತಂಗಿ. ಕೆಟ್ಟಿದ್ದನ್ನೆಲ್ಲಾ ಒಯ್ದು ಆ ಅಜ್ಜಗ ಕೊಡತಿ, ಅಂವ ಇಟಗೊಂತಾನ. ಬ್ಯಾಡ ಅನ್ನಾಕೂ ಅವಗ ಬಾಯಿಲ್ಲ, ಹಿಂಗ ಮಾಡು ಅನ್ನಾಕೂ ಬಾಯಿಲ್ಲ" ಎಂದರು. ಸಾವಂತ್ರೆವ್ವ ತಲೆ ತಗ್ಗಿಸಿ ನಿಂತಳು.

ಗಂಟಿನಲ್ಲಿ ಉಳಿದಿದ್ದ ಕಡೆಯ ಬೀಜಗಳನ್ನು ಕಣ್ಣಿಗೊತ್ತಿಕೊಂಡು ಬಿತ್ತಿದಳು. ಇಷ್ಟು ಹೊತ್ತಿಗೆ ಸೋತೂ ಸೋತೂ ಅವಳ ಕೈ ಕಲಿತಿತ್ತು. ನೀರು ಎಷ್ಟು, ಬೂದಿ ಯಾವಾಗ, ಕಾಯಿಯ ಕೆಳಗೆ ಹುಲ್ಲಿನ ಸಿಂಬಿ ಹೇಗೆ, ಎಲ್ಲ ಗೊತ್ತಾಗಿತ್ತು. ಬಳ್ಳಿ ಸೊರಗಿ ಒಣಗಿದಾಗ ಅದರಲ್ಲೊಂದು ಕಾಯಿ ಕಂಚಿನಂತೆ ಗಟ್ಟಿಯಾಗಿ ನಿಂತಿತ್ತು. ಉಗುರಿನಿಂದ ಬಡಿದರೆ ಒಳಗೆ ಬೀಜ ಗಲಗಲ ಎನ್ನುತ್ತಿದ್ದವು. ಸಾವಂತ್ರೆವ್ವ ಅದನ್ನು ತೊಡೆಯ ಮೇಲಿಟ್ಟುಕೊಂಡು ಉಳಿಯಿಂದ ಬಾಯಿ ಕೊರೆದಳು, ತಿರುಳು ಬೀಜಗಳನ್ನು ಕೆರೆದು ತೆಗೆದಳು. ಇನ್ನು ಕೋಲು ಕೂಡಿಸಬೇಕು, ಅಷ್ಟೇ. ಕೋಲಿನ ತೂತು ತುಸು ಬಿಗಿಯಾಯಿತೆಂದು ಉಳಿಗೆ ಒಂದು ಸಣ್ಣ ಏಟು ಕೊಟ್ಟಳು. ಬುರುಡೆ ಎರಡು ಹೋಳಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನಾವು ಬಾಯಿಮಾತಿಗೆ ಆಡುತ್ತೇವೆ. ಆ ತಾಯಿ ಅದನ್ನು ತೊಡೆಯ ಮೇಲೆ ಕಂಡಳು.

ಅವಳು ಎರಡೂ ಹೋಳನ್ನು, ಕೆರೆದು ತೆಗೆದ ತಿರುಳಿನ ಸಮೇತ, ಒಂದು ಅರಿವೆಯಲ್ಲಿ ಸುತ್ತಿಕೊಂಡು ಹಳ್ಳದ ದಂಡೆಗೆ ಬಂದಳು. ಪೂಜ್ಯರು ಬೇವಿನ ಕೆಳಗೆ ಕುಳಿತಿದ್ದರು. ಆ ಹೊತ್ತಿಗೆ ಗುರುಶಾಂತಪ್ಪನವರೂ ಅಲ್ಲಿದ್ದರು. ಸೋಮವಾರದ ಭಜನೆಗೆ ಜಾಗ ಗೊತ್ತುಮಾಡಲು ಬಂದವರು. ಸಾವಂತ್ರೆವ್ವ ಗಂಟನ್ನು ಪೂಜ್ಯರ ಮುಂದಿಟ್ಟು ಕುಸಿದು ಕುಳಿತಳು.

"ಬೀಜ ತೀರಿದುವು ಅಜ್ಜಾರ. ಅವರ ದನೀನೂ ತೀರಿತು. ಇನ್ನ ನಾ ಬರೂದಿಲ್ಲ. ಇಷ್ಟು ವರ್ಷ ನಿಮಗ ಬರೇ ಒಡಕ ತಂದು ಕೊಟ್ಟೆ, ತಪ್ಪಾತು" ಎಂದು ಅತ್ತಳು.

ಪೂಜ್ಯರು ಅವಳ ಅಳು ತಗ್ಗುವ ತನಕ ಕಾದರು. ಆಮೇಲೆ, "ನೀರಡಿಕಿ ಆಗೇತಿ. ಒಳಗಿಂದ ನೀರು ತಾ ತಂಗಿ" ಎಂದರು.

ಕಣ್ಣೊರೆಸಿಕೊಂಡು ಅವಳು ಒಳಗೆ ಹೋದಳು. ಅಷ್ಟು ವರ್ಷ ಅಂಗಳದಿಂದಲೇ ಹಿಂತಿರುಗಿದವಳು, ಗುಡಿಸಲಿನ ಒಳಗೆ ಕಾಲಿಟ್ಟದ್ದು ಅದೇ ಮೊದಲು. ನೀರಿನ ಕೊಡದ ಮೇಲೆ ಮೊಗೆಯಲು ಒಂದು ಬುರುಡೆ ಇತ್ತು. ಅದರ ಹೊಟ್ಟೆಯಲ್ಲಿ ಹೆಬ್ಬೆರಳಿನಷ್ಟು ತೂತಿಗೆ ಜೇನುಮೇಣ ಮೆತ್ತಿತ್ತು. ಅವಳ ಕೈ ನಿಂತಿತು. ತನ್ನ ಬೆರಳಿನ ತೂತು ತನಗೆ ಗುರುತು ಸಿಕ್ಕದೇ? ಗೋಡೆಯ ಗೂಡಿನಲ್ಲಿ ಸೊಟ್ಟ ಕಾಯಿಯನ್ನು ಸೀಳಿ ಮಾಡಿದ ವಿಭೂತಿಯ ಬಟ್ಟಲು ಇತ್ತು. ಕಿಟಕಿಯ ಹೊರಗೆ, ಮೊದಲ ವರ್ಷದ ಕಾಯಿಯ ಗಟ್ಟಿ ಉಳಿದ ಅರ್ಧದಲ್ಲಿ ಗುಬ್ಬಿಗಳಿಗೆ ನೀರು ಇಟ್ಟಿತ್ತು. ಅವಳು ತಿಪ್ಪೆಗೆ ಎಂದು ತಿಳಿದದ್ದೆಲ್ಲ ಪೂಜ್ಯರ ಸಂಸಾರವಾಗಿತ್ತು.

ಅವಳು ಅದೇ ಬುರುಡೆಯಲ್ಲಿ ನೀರು ಮೊಗೆದು ತಂದುಕೊಟ್ಟಳು. ಪೂಜ್ಯರು ಕುಡಿದು, ಬುರುಡೆ ಕೆಳಗಿಟ್ಟು ಎದ್ದರು. "ಬಾ" ಎಂದು ಗುಡಿಸಲಿನ ಹಿಂದಕ್ಕೆ ನಡೆದರು. ಗುರುಶಾಂತಪ್ಪನವರೂ ಕುತೂಹಲಕ್ಕೆ ಹಿಂಬಾಲಿಸಿದರು. ಹಳ್ಳದ ಕಡೆಯ ಬೇಲಿಯ ಮೇಲೆ, ಜಾಲಿಮುಳ್ಳು ಕಾಣದಷ್ಟು ದಟ್ಟವಾಗಿ ಸೋರೆಬಳ್ಳಿ ಒಣಗಿ ಹರಡಿತ್ತು. ಅದರ ನಡುನಡುವೆ ಕಾಯಿಗಳು. ಸಣ್ಣವು, ದೊಡ್ಡವು, ಬಿಸಿಲಿಗೆ ಬಣ್ಣ ತಿರುಗಿದವು. ಅವಳು ತಂದುಕೊಟ್ಟ ಕಾಯಿಗಳನ್ನು ಪೂಜ್ಯರು ತೊಳೆದು ಆ ನೀರನ್ನು ಬೀಜಸಹಿತ ಬೇಲಿಯ ಬುಡಕ್ಕೆ ಚೆಲ್ಲುತ್ತಿದ್ದರು. ಮಳೆ ಬಂದಾಗ ಅವು ತಮ್ಮಷ್ಟಕ್ಕೆ ಹುಟ್ಟಿದ್ದವು.

ಗುರುಶಾಂತಪ್ಪನವರು ತಡೆಯಲಾರದೆ, "ಒಡೆದ ಕಾಯಿ ಬೀಜಕ್ಕ ದನಿ ಹತ್ತೂದಿಲ್ಲರಿ ಅಜ್ಜಾರ. ಹಿರ್ಯಾರು ಹೇಳ್ಯಾರ" ಎಂದರು.

ಪೂಜ್ಯರು ಅವರ ಕಡೆ ನೋಡಲಿಲ್ಲ. ಸಾವಂತ್ರೆವ್ವನ ಕಡೆ ತಿರುಗಿ, "ಸೋತಿದ್ದು ಕಾಯಿ, ತಂಗಿ. ಬೀಜ ಸೋತಿಲ್ಲ" ಎಂದರು.

ತಾನು ಗಂಡನ ಬೀಜವೆಲ್ಲ ತೀರಿತೆಂದು ಅಳುತ್ತಿದ್ದಾಗ, ಅದು ಇಲ್ಲಿ ಮುಳ್ಳಿನ ಮೇಲೆ ವರ್ಷವರ್ಷ ಹಬ್ಬುತ್ತಿತ್ತು. ಬೇಲಿಗೆ ಕೈಚಾಚಿ ಒಂದು ಕಾಯಿಯನ್ನು ಕೀಳಹೋದಳು. ಪೂಜ್ಯರು, "ಅದು ಬೇಲೀದು. ನಿನ್ನದು ನಿನ್ನ ಗಂಟಿನ್ಯಾಗ ಐತಿ" ಎಂದರು. ಅವಳು ಅಂಗಳಕ್ಕೆ ಮರಳಿ ಆ ಅರಿವೆ ಬಿಚ್ಚಿ, ಒಡೆದ ಬುರುಡೆಯ ತಿರುಳಿನಿಂದ ಬೀಜಗಳನ್ನು ಒಂದೊಂದಾಗಿ ಆರಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಗುರುಶಾಂತಪ್ಪನವರು ತಲೆಯಲ್ಲಾಡಿಸುತ್ತ ಊರ ದಾರಿ ಹಿಡಿದರು.

ಮತ್ತೆ ಮಳೆ, ಮತ್ತೆ ಬಳ್ಳಿ, ಮತ್ತೆ ಕಾಯುವಿಕೆ. ಈ ಸಲ ಓಣಿಯವರು ನಗಲೂ ಮರೆತಿದ್ದರು. ಕಾಯಿ ಒಣಗಿತು. ಬಾಯಿ ಕೊರೆದಾಗ ಒಡೆಯಲಿಲ್ಲ. ಬಡಿಗೇರ ಕಾಳಪ್ಪ ಬುರುಡೆಯ ಬಾಯಿಗೆ ತೆಳುಹಲಗೆ ಕೂಡಿಸಿಕೊಟ್ಟ. ಕೋಲಿನ ತೂತನ್ನು ಅವಳು ಉಳಿಯ ಗೊಡವೆಗೇ ಹೋಗದೆ ಕಾದ ಕಬ್ಬಿಣದ ಸಲಾಕೆಯಿಂದ ಸುಟ್ಟು ಸುಟ್ಟು ಹಿಗ್ಗಿಸಿದಳು. ತಂತಿ ಬಿಗಿದಳು, ಆದರೆ ಮೀಟಲಿಲ್ಲ. ಹರಕೆಯ ಪ್ರಕಾರ ಅದು ಮೊದಲು ನುಡಿಯಬೇಕಾದದ್ದು ಪೂಜ್ಯರ ಸನ್ನಿಧಿಯಲ್ಲಿ.

ಸೋಮವಾರ ಸಂಜೆ ಮೇಳದವರೆಲ್ಲ ಬೇವಿನ ಕೆಳಗೆ ಕೂಡಿದ್ದರು. ಸಾವಂತ್ರೆವ್ವ ಏಕತಾರಿಯನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ತಂತಿ ಮೀಟಿದಳು. ದನಿ ಹತ್ತಿತು! ಗಂಭೀರವಾದ, ತುಂಬಿದ ದನಿ. ಮೇಳದವರು "ಆಹಾ" ಎಂದರು. ಗುರುಶಾಂತಪ್ಪನವರ ಮೀಸೆ ಕೂಡ ಅಲುಗಿತು. ಆದರೆ ಸಾವಂತ್ರೆವ್ವ ಮತ್ತೊಮ್ಮೆ ಮೀಟಿ, ಕಿವಿಗೊಟ್ಟು ಕೇಳಿ, ಏಕತಾರಿಯನ್ನು ಕೆಳಗಿಟ್ಟಳು. ಅವಳ ಮುಖ ಬಿಳಿಚಿತ್ತು.

"ಇದು ಅವರ ದನಿ ಅಲ್ಲರಿ ಅಜ್ಜಾರ" ಎಂದಳು. "ಚಲೋ ಐತಿ. ಆದ್ರ ಅವರದಲ್ಲ."

ಇಷ್ಟೆಲ್ಲ ಪಡಿಪಾಟಲು ಪಟ್ಟು ಗುರಿ ಮುಟ್ಟಿದವಳಿಗೆ ಅಲ್ಲಿ ತಾನು ಬಯಸಿದ್ದೇ ಇಲ್ಲವೆಂದರೆ, ಅದಕ್ಕಿಂತ ದೊಡ್ಡ ಸೋಲು ಯಾವುದು? ಪೂಜ್ಯರು ಮಾತ್ರ ಶಾಂತವಾಗಿ ಕೇಳಿದರು.

"ಅವನ ದನಿ ನೀ ಎಲ್ಲಿ ಕುಂತು ಕೇಳತಿದ್ದಿ, ತಂಗಿ?"

"ಮನಿಯಾಗ್ರಿ. ಬೀಸೂ ಕಲ್ಲಿನ ಮುಂದ."

ಪೂಜ್ಯರು ತಲೆದೂಗಿದರು. ಅನಂತರ ಗುರುಶಾಂತಪ್ಪನವರತ್ತ ತಿರುಗಿ, "ನಾಳೆ ಪ್ರಸಾದಕ್ಕ ಹಿಟ್ಟು ಬೇಕಪಾ. ಕೋಳಿ ಕೂಗೂ ಹೊತ್ತಿಗೆ ತಂಗಿ ಮನಿಗೆ ಹೋಗಿ ಬೀಸಿಕೊಂಡು ಬಾ" ಎಂದರು.

"ನಾನ್ರಿ?" ಎಂದರು ಗುರುಶಾಂತಪ್ಪನವರು.

"ನೀನ. ಎತ್ತಿಗೆ ಬೀಸಾಕ ಬರೂದಿಲ್ಲ."

ಮೇಳದವರು ನಗು ನುಂಗಿಕೊಂಡರು. ಹೆಂಗಸರ ಕೆಲಸಕ್ಕೆ ತನ್ನನ್ನು ಹಚ್ಚಿದರಲ್ಲ ಎಂದು ಹಿರಿಯರ ಮುಖ ಕೆಂಪಾಯಿತು. ಆದರೂ ಗುರುವಿನ ಅಪ್ಪಣೆ. ಅದೂ ನಾಲ್ಕು ಮಾತು ಹೇಳದ ಗುರು ಬಾಯಿಬಿಟ್ಟು ಹೇಳಿದ್ದು. ಮಾರನೆಯ ಬೆಳಗಿನ ಜಾವ ಅವರು ಜೋಳದ ಬುಟ್ಟಿ ಹೊರಿಸಿಕೊಂಡು ತಮ್ಮ ಹೆಂಡತಿ ಕಾಶವ್ವನೊಡನೆ ಸಾವಂತ್ರೆವ್ವನ ಬಾಗಿಲಿಗೆ ಬಂದರು. ರುಮಾಲು ತೆಗೆದಿಟ್ಟು, ಧೋತರ ಮೊಣಕಾಲಿಗೆ ಎತ್ತಿಕಟ್ಟಿ, ವರ್ಷಗಳಿಂದ ಸುಮ್ಮನೆ ಕುಳಿತಿದ್ದ ಬೀಸುವ ಕಲ್ಲಿನ ಒಂದು ಬದಿಗೆ ಕುಳಿತರು. ಎದುರು ಬದಿಗೆ ಕಾಶವ್ವ. ಇಬ್ಬರ ಕೈಯೂ ಒಂದೇ ಗೂಟದ ಮೇಲೆ.

"ಇದೇನ್ರಿ ಮಾವಾರ, ನೀವು ಬೀಸೂದಂದ್ರ..." ಎಂದು ಸಾವಂತ್ರೆವ್ವ ಸಂಕೋಚಪಟ್ಟಳು.

"ಕಲ್ಲು ನನಗ ಬಿಡು. ನೀ ಏಕತಾರಿ ಹಿಡಕೊಂಡು ಕಂಬದ ಹಂತ್ಯಾಕ ಕುಂದ್ರು" ಎಂದರು ಅವರು.

ಗಂಡ ಹೋದ ಮೇಲೆ ಅವಳು ಆ ಕಂಬಕ್ಕೆ ಒರಗಿದ್ದೇ ಇಲ್ಲ. ಮೆಲ್ಲಗೆ ಒರಗಿದಳು. ಏಕತಾರಿಯನ್ನು ಹೆಗಲಿಗಾನಿಸಿಕೊಂಡಳು. ಕಾಶವ್ವ ಹಿಡಿ ಜೋಳ ಹಾಕಿದಳು. ಕಲ್ಲು ಒಮ್ಮೆ ಮುಗ್ಗರಿಸಿ, ಮತ್ತೆ ತಿರುಗತೊಡಗಿತು. ಆ ಗರಗರದ ಮೇಲೆ ಅವಳು ತಂತಿ ಮೀಟಿದಳು.

ಕಲ್ಲಿನ ಸಪ್ಪಳ ತಂತಿಯ ದನಿಯನ್ನು ಕೂಡಿಕೊಂಡಿತು. ಪಡಸಾಲೆಯ ಗೋಡೆಗಳು ಅದನ್ನು ಗುರುತು ಹಿಡಿದವು. ಸಾವಂತ್ರೆವ್ವನ ಬೆರಳು ತಂತಿಯ ಮೇಲೆಯೇ ನಿಂತುಬಿಟ್ಟಿತು.

ಗುರುಶಾಂತಪ್ಪನವರು ಗಾಬರಿಯಿಂದ ಕಲ್ಲು ನಿಲ್ಲಿಸಿ, "ಯಾಕ ತಂಗಿ? ನನ್ನ ಬೀಸಾಟ ತಪ್ಪೇತೇನು?" ಎಂದು ಕೇಳಿದರು.

"ನಿಲ್ಲಿಸಬ್ಯಾಡ್ರಿ ಮಾವಾರ" ಎಂದಳು ಅವಳು, ಕಣ್ಣಲ್ಲಿ ನೀರು ಸುರಿಯುತ್ತಿರುವಂತೆಯೇ. "ಇದ ರೀ. ನಾ ಕೇಳತಿದ್ದದ್ದು ಇದನ್ನ. ಕಲ್ಲು ಬಿಟ್ಟು ಅವರ ದನಿ ನಾ ಒಂದು ದಿನಾನೂ ಕೇಳಿದ್ದಿಲ್ಲ."

ಅವಳು ಒಂದು ದನಿಯೆಂದು ಹುಡುಕುತ್ತಿದ್ದದ್ದು ಇಬ್ಬರು ಕೂಡಿ ಮಾಡಿದ ದನಿಯಾಗಿತ್ತು. ಅದರಲ್ಲಿ ಅರ್ಧ ಅವಳದೇ ಆಗಿತ್ತು. ಅದನ್ನು ಹಳ್ಳದ ದಂಡೆಯಲ್ಲಿ ಸುಮ್ಮನೆ ಕುಳಿತವರೊಬ್ಬರು ಬಲ್ಲವರಾಗಿದ್ದರು. ಅಂದು ಸಮಾಧಿಯ ಬದಿಯಲ್ಲಿ ಆ ತಂತಿ ಹರಿದದ್ದು ತಮ್ಮದೇ ಕೈ ಎಂಬುದು ಹಿರಿಯರಿಗೆ ನೆನಪಾಯಿತು. ಅವರು ಹಿಟ್ಟು ಮೆತ್ತಿದ ಕೈಗಳನ್ನು ಹಳ್ಳದ ದಿಕ್ಕಿಗೆ ಮುಗಿದರು. ಆಮೇಲೆ ಕಾಶವ್ವನಿಗೆ, "ನನ್ನ ಏಕತಾರಿ ನನ್ನ ಕೂಡ ಹೂಳಬ್ಯಾಡ್ರಿ. ಯಾರು ಕೇಳತಾರ ಅವರಿಗೆ ಕೊಡ್ರಿ" ಎಂದರು. ಮಾತು ಅಷ್ಟಕ್ಕೇ ಮುಗಿಸಿ ಗೂಟ ಹಿಡಿದರು.

ಕಲ್ಲು ತಿರುಗಿತು. ಸಾವಂತ್ರೆವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಆ ಮನೆಯಲ್ಲಿ ಅಷ್ಟು ದಿನ ಬರೀ ಕೇಳಿದವಳು, ತಾನೇ ಪದ ಎತ್ತಿಕೊಂಡಳು.